ಕಲ್ಲಿನ ಅಳತೆ, ಅಂಗಾಂಶದ ಅಳತೆ

ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠಾಪನೆಗೊಂಡ ಬೇಲೂರಿನ ಚೆನ್ನಕೇಶವ ದೇವಾಲಯ ಬಳಪದ ಕಲ್ಲಿನದು. ಕಲ್ಲು ಮೃದುವಾದ್ದರಿಂದ ಶಿಲ್ಪಿಗಳಿಗೆ ಅಷ್ಟು ಸೂಕ್ಷ್ಮ ಕೆತ್ತನೆ ಸಾಧ್ಯವಾಯಿತು. ಕಲ್ಲಿನ ಗುಣ ಅದರೊಳಗಿನ ಖನಿಜಗಳನ್ನು ಅವಲಂಬಿಸಿದೆ. ಯಾವ ಖನಿಜ ಎಷ್ಟಿದೆ ಎಂದು ಕಲ್ಲನ್ನು ಪುಡಿಮಾಡದೆ ತಿಳಿಯುವುದು ಹೇಗೆ? ಭೂವಿಜ್ಞಾನದ ಈ ಪ್ರಶ್ನೆಗೆ ಸಿಕ್ಕ ಉತ್ತರ ಮುಂದೆ ವೈದ್ಯರಿಗೂ ನೆರವಾಯಿತು.

1847ರಲ್ಲಿ ಫ್ರಾನ್ಸಿನ ಡೆಲೆಸ್ ಒಂದು ಸರಳ ನಿಯಮವನ್ನು ಮುಂದಿಟ್ಟರು. ಕತ್ತರಿಸಿ ನಯಮಾಡಿದ ಕಲ್ಲಿನ ಮುಖದಲ್ಲಿ ಒಂದು ಖನಿಜ ಎಷ್ಟು ಪಾಲು ಹರಡಿದೆಯೋ, ಸರಾಸರಿಯಲ್ಲಿ ಇಡೀ ಕಲ್ಲಿನ ಗಾತ್ರದಲ್ಲೂ ಅದು ಅಷ್ಟೇ ಪಾಲು. 1933ರಲ್ಲಿ ರಷ್ಯಾದ ಗ್ಲಾಗೊಲೆವ್, ಬಿಂದುಗಳನ್ನು ಎಣಿಸಿಯೇ ಈ ಪಾಲನ್ನು ಕಂಡುಹಿಡಿಯಬಹುದೆಂದು ತೋರಿಸಿದರು. 1943ರಲ್ಲಿ ಚಾಕ್ಲಿ ಅದೇ ಎಣಿಕೆಯನ್ನು ಜೀವಿಗಳ ಅಂಗಾಂಶಕ್ಕೆ ಅನ್ವಯಿಸಿದರು.

ಗರ್ಭಕೋಶದ ಒಳಪೊರೆಯಲ್ಲಿ ಗ್ರಂಥಿಗಳೂ ಅವುಗಳ ನಡುವೆ ಆಧಾರ ಅಂಗಾಂಶವೂ ಇವೆ. ಪ್ರೊಜೆಸ್ಟರಾನ್ ಹಾರ್ಮೋನಿನ ಅಂಕುಶವಿಲ್ಲದೆ ಈಸ್ಟ್ರೊಜೆನ್ ಬಹುಕಾಲ ಪ್ರಭಾವ ಬೀರಿದರೆ ಈ ಪೊರೆ ಅತಿಯಾಗಿ ಬೆಳೆಯುತ್ತದೆ. ಇಂಥ ಬೆಳವಣಿಗೆಗಳಲ್ಲಿ ಹಲವು ನಿರುಪದ್ರವಿ. ಕೆಲವು ಮಾತ್ರ ಕ್ಯಾನ್ಸರಿನ ಮುನ್ಸೂಚನೆ. ಸೂಕ್ಷ್ಮದರ್ಶಕದಲ್ಲಿ ಒಂದೇ ತುಣುಕನ್ನು ನೋಡಿದ ಇಬ್ಬರು ತಜ್ಞರ ಅಭಿಪ್ರಾಯ ಬೇರೆಯಾಗುವುದುಂಟು. ತೀರ್ಪು ಒಂದು ಕಡೆ ತಪ್ಪಿದರೆ ಮಹಿಳೆ ಅನಗತ್ಯವಾಗಿ ಗರ್ಭಕೋಶವನ್ನೇ ಕಳೆದುಕೊಳ್ಳಬಹುದು. ಇನ್ನೊಂದು ಕಡೆ ತಪ್ಪಿದರೆ ರೋಗ ಬಲಿಯಬಹುದು.

ಇಲ್ಲಿ ಅಳತೆ ಬೇಕಾಯಿತು. 1988ರಲ್ಲಿ ನೆದರ್ಲೆಂಡ್ಸಿನ ಬಾಕ್ ಮತ್ತು ಸಂಗಡಿಗರು ಮೂರು ಅಳತೆಗಳನ್ನು ಒಂದು ಸೂತ್ರಕ್ಕೆ ತಂದರು: ಆಧಾರ ಅಂಗಾಂಶದ ಶೇಕಡಾ ಪಾಲು, ಗ್ರಂಥಿಗಳ ಹೊರಮೈಯ ಸಾಂದ್ರತೆ, ಕೋಶಕೇಂದ್ರಗಳ ಗಾತ್ರದಲ್ಲಿನ ಏರುಪೇರು. ಫಲಿತಾಂಶ 1ಕ್ಕಿಂತ ಹೆಚ್ಚಾದರೆ ಅಪಾಯ ಕಡಿಮೆ. ಸೊನ್ನೆಗಿಂತ ಕೆಳಗಿಳಿದರೆ ಅಪಾಯ ಹೆಚ್ಚು. ನಡುವಿನದು ಅನುಮಾನದ ವಲಯ. ಡೆಲೆಸ್ ಕಲ್ಲಿನಲ್ಲಿ ಹುಡುಕಿದ 'ಪಾಲು' ಇಲ್ಲಿ ಮೊದಲ ಅಳತೆಯಾಗಿ ಕುಳಿತಿರುವುದನ್ನು ಗಮನಿಸಿ.

ಈ ಕೆಲಸದಿಂದ ಸೂಕ್ಷ್ಮದರ್ಶಕದಲ್ಲಿ ಕಣ್ಣಂದಾಜಿಗೂ ಒಂದು ಸೂತ್ರ ದೊರೆಯಿತು: ಗ್ರಂಥಿಗಳ ಪಾಲು ಆಧಾರ ಅಂಗಾಂಶವನ್ನು ಮೀರಿದ್ದರೆ ಎಚ್ಚರ ಬೇಕು. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಅತಿಬೆಳವಣಿಗೆಯ ಹಳೆಯ ನಾಲ್ಕು ವರ್ಗಗಳನ್ನು ಎರಡಕ್ಕೆ ಇಳಿಸಿತು.

ಆದರೆ ಅಳೆಯಲು ತುಣುಕು ಪ್ರಯೋಗಾಲಯವನ್ನು ತಲುಪಬೇಕಲ್ಲ! ಮುಟ್ಟು ನಿಂತ ಮೇಲೆ ಮತ್ತೆ ರಕ್ತಸ್ರಾವ ಕಂಡರೆ, ಸ್ವಲ್ಪವೇ ಆಗಿದ್ದರೂ, ಸಂಕೋಚಪಡದೆ ವೈದ್ಯರನ್ನು ಕಾಣಬೇಕು. ಈ ಮಾತನ್ನು ಮನೆಯ ತಾಯಿ, ಅಜ್ಜಿ, ಅತ್ತೆಯರಿಗೆ ತಿಳಿಸುವುದು ವಿದ್ಯಾರ್ಥಿಗಳಿಂದ ಆಗಬಹುದಾದ ಕೆಲಸ.