ಹಿಟ್ಟಿನಿಂದ ಜೋಳ ಆಗಲ್ಲ!

ಆಲಮೇಲದ ಗಿರಣಿಗೆ ಹೋಗಿ, ಬೀಸಿದ ಹಿಟ್ಟು ಮುಂದಿಟ್ಟು ‘ನನ್ನ ಜೋಳ ವಾಪಸ್ ಕೊಡಿ’ ಅಂತ ಕೇಳಿ ನೋಡಿ. ನಕ್ಕುಬಿಡ್ತಾರೆ! ನಿಮ್ಮ ಪಾಸ್‌ವರ್ಡ್ ಕಾಯುವ ವಿದ್ಯೆಯ ಗುಟ್ಟು ಇಷ್ಟೇ. ವೆಬ್‌ಸೈಟ್ ಅದನ್ನು ಹಾಗೇ ಇಟ್ಟುಕೊಳ್ಳಬಾರದು. ಬೀಸಿ, ಹಿಟ್ಟನ್ನು ಮಾತ್ರ ಇಡಬೇಕು. ನೀವು ಮತ್ತೆ ಲಾಗಿನ್ ಆದಾಗ ಮತ್ತೆ ಬೀಸಿ, ಎರಡೂ ಹಿಟ್ಟು ಒಂದೇನಾ ಅಂತ ನೋಡಬೇಕು. ಇದಕ್ಕೆ ಹ್ಯಾಶಿಂಗ್ ಅಂತಾರೆ.

ಈ ಬುದ್ಧಿ ಸುಮ್ಮನೆ ಬರಲಿಲ್ಲ. 1960ರ ದಶಕದಲ್ಲಿ ಅಮೆರಿಕದ ಎಂಐಟಿಯ ಸಿಟಿಎಸ್‌ಎಸ್ ವ್ಯವಸ್ಥೆಯಲ್ಲಿ ಎಲ್ಲರ ಪಾಸ್‌ವರ್ಡೂ ಒಂದೇ ಕಡತದಲ್ಲಿ ಹಾಗೇ ಇತ್ತು. ಒಂದು ದಿನ ಕಡತಗಳು ಅದಲುಬದಲಾದವು. ಲಾಗಿನ್ ಆದವರಿಗೆಲ್ಲ ದಿನದ ಸಂದೇಶದ ಬದಲು ಊರವರ ಪಾಸ್‌ವರ್ಡ್ ದರ್ಶನ! ಅದೇ ದಶಕದಲ್ಲಿ ಕೇಂಬ್ರಿಡ್ಜ್‌ನ ರೋಜರ್ ನೀಡಮ್ ಬೀಸಿಡುವ ದಾರಿ ತೋರಿಸಿದರು.

ಆದರೆ ಕಳ್ಳ ಸುಮ್ಮನಿರ್ತಾನಾ? ಊಹೆ ಮಾಡಿದ ಪಾಸ್‌ವರ್ಡುಗಳನ್ನು ತಾನೂ ಬೀಸಿ, ಕದ್ದ ಹಿಟ್ಟಿನ ಜೊತೆ ಹೋಲಿಸಿದ. 1979ರಲ್ಲಿ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಯುನಿಕ್ಸ್‌ನ ಉತ್ತರ ಪ್ರಕಟಿಸಿದರು. ಅದರ ಹೆಸರೇ ಉಪ್ಪು. ಒಬ್ಬೊಬ್ಬರದ್ದಕ್ಕೂ ಬೇರೆ ಚಿಟಿಕೆ. ಇಬ್ಬರ ಪಾಸ್‌ವರ್ಡ್ ಒಂದೇ ಇದ್ದರೂ ಹಿಟ್ಟು ಬೇರೆ. 1999ರಲ್ಲಿ ಬಂದ ಬಿಕ್ರಿಪ್ಟ್ ಬೇಕಂತಲೇ ನಿಧಾನದ ಗಿರಣಿ. ನಿಮಗೆ ಅರೆಕ್ಷಣ ತಡ, ಕೋಟಿಗಟ್ಟಲೆ ಊಹೆ ಬೀಸುವ ಕಳ್ಳನಿಗೆ ವರ್ಷಗಟ್ಟಲೆ ತಡ. 2015ರಲ್ಲಿ ಇಂಥ ಗಿರಣಿಗಳ ಸ್ಪರ್ಧೆಯನ್ನೇ ಗೆದ್ದದ್ದು ಆರ್ಗಾನ್2.

ಈಗ ನಮ್ಮ ಬೆಂಗಳೂರಿಗೆ ಬನ್ನಿ. 2020ರಲ್ಲಿ ಬಿಗ್‌ಬಾಸ್ಕೆಟ್‌ನ ಸುಮಾರು 2 ಕೋಟಿ ಗ್ರಾಹಕರ ಮಾಹಿತಿ ಕಳುವಾಯಿತು. 2021ರ ಏಪ್ರಿಲ್‌ನಲ್ಲಿ ಬಯಲಿಗೂ ಬಿತ್ತು. ಹೆಸರು, ಫೋನ್, ಮನೆ ವಿಳಾಸ ಎಲ್ಲ. ಪಾಸ್‌ವರ್ಡ್ ಬೀಸಿಯೇ ಇಟ್ಟಿದ್ದರು. ಆದರೆ ಎಸ್‌ಎಚ್‌ಎ-1 ಎಂಬ 1995ರ ವೇಗದ ಗಿರಣಿಯಲ್ಲಿ! ನಿಧಾನದ ಗಿರಣಿ ಬಂದು ಆಗಲೇ ಇಪ್ಪತ್ತು ವರ್ಷ ದಾಟಿತ್ತು.

ತರಕಾರಿ ತಾನೇ ಅನ್ಬೇಡಿ. ಅದೇ ಪಾಸ್‌ವರ್ಡ್ ಇಮೇಲ್‌ಗೂ ಬ್ಯಾಂಕಿಗೂ ಇಟ್ಟವರ ಗತಿ?

ನಾನೂ ಇಂಜಿನಿಯರಿಂಗ್ ಓದಿದವನು. ಕಾಲೇಜು ಪ್ರಾಜೆಕ್ಟಿನಲ್ಲಿ ಪಾಸ್‌ವರ್ಡುಗಳನ್ನು ಹಾಗೇ ಟೇಬಲ್ಲಿಗೆ ತುಂಬಿ ಮಾರ್ಕ್ಸ್ ತಗೊಂಡೆ. ಯಾರೂ ಕೇಳಲಿಲ್ಲ. ಅದಕ್ಕೇ ನೀವು ಕೇಳಬೇಕು. ‘ಪಾಸ್‌ವರ್ಡ್ ಮರೆತಿದ್ದೇನೆ’ ಅಂತ ಒತ್ತಿ ನೋಡಿ. ಹೊಸದು ಇಟ್ಟುಕೊಳ್ಳಿ ಅಂದರೆ ಸರಿ. ನಿಮ್ಮ ಹಳೇ ಪಾಸ್‌ವರ್ಡನ್ನೇ ಕಳಿಸಿದರೆ ತಿಳ್ಕೊಳ್ಳಿ, ಅಲ್ಲಿ ಗಿರಣಿಯೇ ಇಲ್ಲ. ನಿಮ್ಮ ಜೋಳ ಬಾಗಿಲಿಲ್ಲದ ಕಣಜದಲ್ಲಿದೆ.