ಮೂವತ್ತೈದು ಡಿಗ್ರಿಯ ಕೋಣೆ

ಎರಡು ಕಂಪ್ಯೂಟರ್ ಇವೆ ಅಂದುಕೊಳ್ಳಿ. ಎರಡೂ ಬಿಡಿಭಾಗ ತಂದು ಮನೆಯಲ್ಲೇ ಜೋಡಿಸಿದವು, ಪ್ರೊಸೆಸರ್ ಒಂದೇ, ಕೊಟ್ಟಿರೋ ಕೆಲಸವೂ ಒಂದೇ. ಬೆಂಗಳೂರಿನದ್ದು 62 ಡಿಗ್ರಿ ತೋರಿಸುತ್ತೆ, ಇಳಕಲ್ಲಿನದ್ದು 77. ಯಾವುದರ ಕೂಲರ್ ಚೆನ್ನಾಗಿದೆ? ನಮ್ಮ ಆಫೀಸಿನಲ್ಲಿ ಯಾರನ್ನೇ ಕೇಳಿದರೂ ಬೆಂಗಳೂರಿನದ್ದು ಅಂತಾರೆ. ಈಗ ಇನ್ನೊಂದು ಸಾಲು ಸೇರಿಸ್ತೀನಿ: ಬೆಂಗಳೂರಿನ ಕೋಣೆ 24 ಡಿಗ್ರಿ ಇತ್ತು, ಇಳಕಲ್ಲಿನ ಕೋಣೆ 41. ಕಳೆದು ನೋಡಿ. ಒಂದು ಕಡೆ 38, ಇನ್ನೊಂದು ಕಡೆ 36. ಗೆದ್ದದ್ದು ಇಳಕಲ್ಲಿನ ಕೂಲರ್.

ಫ್ಯಾನ್ ಇರಲಿ, ನೀರಿನ ಪೈಪ್ ಇರಲಿ, ನಾವು ಮನೆಯಲ್ಲಿ ಹಾಕೋ ಯಾವ ಕೂಲರ್ರೂ ಪ್ರೊಸೆಸರನ್ನ ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಅದರ ಕೆಲಸ ಇಷ್ಟೇ: ಇಷ್ಟು ವ್ಯಾಟ್ ಬಿಸಿ ಹುಟ್ಟಿದರೆ ಕೋಣೆಗಿಂತ ಇಷ್ಟೇ ಡಿಗ್ರಿ ಮೇಲೆ ನಿಲ್ಲಿಸೋದು. ಹಾಗಾಗಿ ಕೋಣೆಯ ಬಿಸಿ ಹೇಳದೆ ಬರೀ ಪ್ರೊಸೆಸರಿನ ಬಿಸಿ ಹೇಳಿದರೆ ಅದು ಅರ್ಧ ಲೆಕ್ಕ. ಹಾಗಾದರೆ ಕಂಪ್ಯೂಟರ್ ಕಂಪನಿಗಳು ಯಾವ ಕೋಣೆಯನ್ನ ಮನಸ್ಸಿನಲ್ಲಿಟ್ಟುಕೊಂಡು ಲೆಕ್ಕ ಹಾಕಿದವು? ಈ ಪ್ರಶ್ನೆಗೊಂದು ಇತಿಹಾಸ ಇದೆ.

ಮೊದಲು ಕೋಣೆಯೇ ಯಂತ್ರದ ಭಾಗವಾಗಿತ್ತು. ದೊಡ್ಡ ಕಂಪ್ಯೂಟರ್‌ಗಳಿಗೆ ಅಂತಲೇ ಎಸಿ ಹಾಲ್ ಕಟ್ಟುತ್ತಿದ್ದರು. ಚಪ್ಪಲಿ ಹೊರಗೆ ಬಿಟ್ಟು ಕಂಪ್ಯೂಟರ್ ಲ್ಯಾಬಿಗೆ ಕಾಲಿಟ್ಟ ನೆನಪು ನಮ್ಮ ವಯಸ್ಸಿನವರಿಗೆ ಇನ್ನೂ ಇರಬೇಕು, ಅದು ಆ ಕಾಲದ ಉಳಿಕೆ. 1981ರಲ್ಲಿ ಐಬಿಎಂ ಪಿಸಿ ಬಂತು. ಅದರೊಳಗಿನ 8088 ಪ್ರೊಸೆಸರಿಗೆ ಹೀಟ್‌ಸಿಂಕೇ ಬೇಕಿರಲಿಲ್ಲ. ಹೀಗೆ ಕಂಪ್ಯೂಟರ್ ಎಸಿ ಹಾಲಿನಿಂದ ಆಚೆ ಬಂದು ಯಾರ ಮೇಜಿನ ಮೇಲಾದರೂ ಕೂರಬಹುದು ಅಂತಾಯ್ತು.

ಆ ಸುಖ ಹೆಚ್ಚು ದಿನ ಉಳಿಯಲಿಲ್ಲ. ತೊಂಬತ್ತರ ದಶಕದ ಶುರುವಿನಲ್ಲಿ, ವೇಗದ 486 ಚಿಪ್‌ಗಳ ತಲೆ ಮೇಲೆ ಅಲ್ಯೂಮಿನಿಯಂ ಹೀಟ್‌ಸಿಂಕ್ ಕೂತಿತು. 1993ರ ಮೊದಲ ಪೆಂಟಿಯಂ ಸುಮಾರು 15 ವ್ಯಾಟ್ ಬಿಸಿ ಉಗುಳುತ್ತಿತ್ತು, ಆಗ ಅದೇ ದೊಡ್ಡ ಸುದ್ದಿ. ಅಲ್ಲಿಂದ ಹನ್ನೊಂದೇ ವರ್ಷ. 2004ರಲ್ಲಿ ಬಂದ ಪ್ರೆಸ್ಕಾಟ್ ಪೆಂಟಿಯಂ 4ರ ಮೇಲಿನ ಮಾದರಿಗಳು 115 ವ್ಯಾಟ್ ಮುಟ್ಟಿದವು. ನೂರು ವ್ಯಾಟಿನ ಹಳೇ ಬುರುಡೆ ಬಲ್ಬಿಗಿಂತ ಹೆಚ್ಚು ಬಿಸಿ, ಅದೂ ಬೆರಳುಗುರಿನಷ್ಟು ಜಾಗದಲ್ಲಿ.

ಇದನ್ನ ಸಂಭಾಳಿಸೋಕೆ ಇಂಟೆಲ್ ಕ್ಯಾಬಿನೆಟ್ ಮಾಡುವವರಿಗೊಂದು ಮಾರ್ಗಸೂಚಿ ಕೊಟ್ಟಿತು. ಹೊರಗಿನ ಕೋಣೆ 35 ಡಿಗ್ರಿ ಇದ್ದಾಗ ಪ್ರೊಸೆಸರ್ ಫ್ಯಾನಿಗೆ ಸಿಗುವ ಗಾಳಿ 38 ದಾಟಬಾರದು. ಆ ಕಾಲದ ಕ್ಯಾಬಿನೆಟ್ಟುಗಳ ಪಕ್ಕದ ಬಾಗಿಲಲ್ಲಿ ಒಂದು ಪ್ಲಾಸ್ಟಿಕ್ ಕೊಳವೆ ಇರ್ತಿತ್ತು, ನೆನಪಿದೆಯಾ? ಹೊರಗಿನ ಗಾಳಿಯನ್ನ ನೇರ ಫ್ಯಾನಿನ ಬಾಯಿಗೆ ಬಿಡೋಕೆ ಅಂತ ಮಾಡಿದ್ದು ಅದು. ನಮ್ಮ ಕಡೆ ಬಹಳ ಜನ ಅದನ್ನ ಸುಮ್ಮನೆ ಅಂದಕ್ಕೆ ಇಟ್ಟಿದ್ದು ಅಂದುಕೊಂಡಿದ್ದರು.

ಈಗ ಆ ಕಂಪ್ಯೂಟರನ್ನ ಬಾಗಲಕೋಟೆಗೆ ತನ್ನಿ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ನೆರಳಲ್ಲೇ 40 ದಾಟುತ್ತೆ. 35ರ ಗೆರೆ ಹೊಸ್ತಿಲಲ್ಲೇ ಅಳಿಸಿಹೋಯ್ತು. ಪೆಂಟಿಯಂ 4ರಲ್ಲಿ ಒಂದು ರಕ್ಷಣೆ ಇತ್ತು: ಬಿಸಿ ಮಿತಿ ಮುಟ್ಟಿದರೆ ತಾನೇ ಬಿಟ್ಟು ಬಿಟ್ಟು ಕೆಲಸ ಮಾಡೋದು. 2001ರಲ್ಲಿ ಟಾಮ್ಸ್ ಹಾರ್ಡ್‌ವೇರ್‌ನವರು ಓಡುತ್ತಿದ್ದ ಕಂಪ್ಯೂಟರಿನ ಹೀಟ್‌ಸಿಂಕ್ ಕಿತ್ತು ತೋರಿಸಿದ್ದರು. ಆಗಿನ ಎಎಂಡಿ ಅಥ್ಲಾನ್ ಸುಟ್ಟುಹೋಯ್ತು, ಪೆಂಟಿಯಂ 4 ಬರೀ ನಿಧಾನವಾಯ್ತು. ಒಳ್ಳೇದೇ. ಆದರೆ ಯಾಕೆ ನಿಧಾನವಾಯ್ತು ಅಂತ ಅದು ಪರದೆ ಮೇಲೆ ಹೇಳುತ್ತಿರಲಿಲ್ಲ.

ಆ ನಿಧಾನದ ಬೆಲೆ ತೆತ್ತವರು ನಮ್ಮೂರುಗಳ ಡಿಟಿಪಿ ಅಂಗಡಿಯವರು. ನಾನು ಹುನಗುಂದದ ಕಡೆ ಹಳ್ಳಿಯವನು. ಹತ್ತನೇ ಕ್ಲಾಸು ಮುಗಿಸಿ ಕಂಪ್ಯೂಟರ್ ಕಲಿಯೋಕೆ ಪೇಟೆಗೆ ಹೋಗ್ತಿದ್ದ ದಿನಗಳಲ್ಲಿ, ಮದುವೆ ಸೀಸನ್ನಿನ ನಡುವೆ, ಅಂಥ ಅಂಗಡಿಯ ಅಣ್ಣ ಒಬ್ಬರು ಹೇಳ್ತಿದ್ದ ಮಾತು: “ಈಗ ಬ್ಯಾಡೋ ತಮ್ಮಾ, ಹೊತ್ತು ಮುಣುಗಿದ ಮ್ಯಾಲೆ ಬಾ. ಮಧ್ಯಾಹ್ನ ಇದು ಏಳಂಗಿಲ್ಲ.” ಲಗ್ನಪತ್ರಿಕೆಯ ಕೆಲಸ ಹೆಚ್ಚೋದೂ ಅದೇ ತಿಂಗಳು, ಯಂತ್ರ ಕೈಕೊಡೋದೂ ಅದೇ ತಿಂಗಳು. ಕರೆಂಟ್ ಹೋದರಂತೂ ಯುಪಿಎಸ್ ಮೇಲೆ ಕಂಪ್ಯೂಟರ್ ಓಡೋದು, ತಲೆ ಮೇಲಿನ ಫ್ಯಾನ್ ನಿಲ್ಲೋದು. ರಿಪೇರಿಗೆ ಬಂದವರು ವೈರಸ್ ಅಂತ ಫಾರ್ಮ್ಯಾಟ್ ಮಾಡಿ ದುಡ್ಡು ತಗೊಂಡು ಹೋಗೋರು. ರಾತ್ರಿ ತಣ್ಣಗಾದ ಮೇಲೆ ಓಡಿದ್ದು ನೋಡಿ ಎಲ್ಲರಿಗೂ ಫಾರ್ಮ್ಯಾಟಿನ ಮೇಲೇ ನಂಬಿಕೆ. ಕಲಿಯೋಕೆ ಕೂತ ಹುಡುಗರು ತಮ್ಮ ಕೈಯೇ ನಿಧಾನ ಅಂದುಕೊಂಡು ಸುಮ್ಮನಾಗ್ತಿದ್ದರು.

ಕೊನೆಗೆ ಎಲ್ಲರೂ ಕಂಡುಕೊಂಡ ಉಪಾಯ ಒಂದೇ: ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ಬಿಚ್ಚಿ ಟೇಬಲ್ ಫ್ಯಾನ್ ಇಡೋದು. ನೋಡೋಕೆ ನಗು ಬರುತ್ತೆ, ಆದರೆ ಲೆಕ್ಕ ಸರಿಯಿದೆ. ಕ್ಯಾಬಿನೆಟ್ಟಿನೊಳಗೆ ಗಾಳಿ ಸೇರಿಸಿಕೊಳ್ಳುವ ಹೆಚ್ಚುವರಿ ಡಿಗ್ರಿಗಳು ಅಷ್ಟೂ ಉಳಿಯುತ್ತವೆ. ತೊಂದರೆ ಧೂಳಿನದು. ಹುನಗುಂದದ ಎರೆಮಣ್ಣಿನ ಧೂಳು, ಇಳಕಲ್ಲಿನ ಗ್ರಾನೈಟ್ ಧೂಳು ಹೀಟ್‌ಸಿಂಕಿನ ಸಂದಿಯಲ್ಲಿ ಕೂತರೆ ಗಳಿಸಿದ್ದೆಲ್ಲ ವಾಪಸ್. ತಿಂಗಳಿಗೊಮ್ಮೆ ಬ್ರಷ್ ಹಿಡಿಯಲೇಬೇಕು.

ಇನ್ನೊಂದು ವಿಷಯ ನಡೆದಿತ್ತು. ನಮ್ಮ ಕಡೆಯ ಹಳೇ ಮನೆಗಳು ಕಲ್ಲು, ಮಣ್ಣಿನ ದಪ್ಪ ಗೋಡೆಯವು, ಮೇಲೆ ಮಣ್ಣಿನ ಮಾಳಿಗೆ, ಅದರಲ್ಲೊಂದು ಬೆಳಕಿಂಡಿ. ಹಗಲಿನ ಬಿಸಿ ಗೋಡೆ ದಾಟಿ ಒಳಗೆ ಬರೋ ಹೊತ್ತಿಗೆ ರಾತ್ರಿ ಆಗಿರ್ತಿತ್ತು. 578ರಲ್ಲಿ ಮಂಗಳೇಶ ಬಾದಾಮಿಯ ಮರಳುಗಲ್ಲಿನಲ್ಲಿ ಮೂರನೇ ಗುಹಾಲಯ ಕೊರೆಸಿದ್ದು ದೇವರಿಗೆ, ನಿಜ. ಆದರೆ ಮೇ ತಿಂಗಳ ಮಧ್ಯಾಹ್ನ ಅದರೊಳಗೆ ನಿಂತವರಿಗೆ ದಪ್ಪ ಕಲ್ಲು ಏನು ಮಾಡುತ್ತೆ ಅಂತ ಬೇರೆ ಪಾಠ ಬೇಕಿಲ್ಲ. ಮನೆಗೆ ಕಂಪ್ಯೂಟರ್ ಬಂದ ಕಾಲಕ್ಕೇ ನಾವು ಆ ಗೋಡೆ ಬಿಟ್ಟು ತೆಳು ಆರ್‌ಸಿಸಿ ಸ್ಲ್ಯಾಬಿನ ಕೆಳಗೆ ಬಂದೆವು. ಆಲಮಟ್ಟಿಯ ಹಿನ್ನೀರಿಗೆ ಜಾಗ ಬಿಟ್ಟು ನವನಗರಕ್ಕೆ ಬಂದ ಬಾಗಲಕೋಟೆಯವರಿಗೆ ಆಯ್ಕೆಯೂ ಹೆಚ್ಚಿರಲಿಲ್ಲ. ಕಂಪ್ಯೂಟರ್ ಕೋಣೆ ಅಂತ ಸಿಕ್ಕಿದ್ದು ಸಾಮಾನ್ಯವಾಗಿ ಮಹಡಿ ಮೇಲಿನ ಕೋಣೆ, ಅಂದರೆ ಮನೆಯಲ್ಲೇ ಹೆಚ್ಚು ಕಾಯುವ ಕೋಣೆ.

ಅತ್ತ ಇಂಟೆಲ್ಲಿಗೂ ಫ್ಯಾನ್ ದೊಡ್ಡದು ಮಾಡಿ ಮಾಡಿ ಸಾಕಾಯ್ತು. 2004ರ ಮೇನಲ್ಲಿ ಮುಂದಿನ ತೇಜಸ್ ಚಿಪ್ಪನ್ನ ಕೈಬಿಟ್ಟಿತು, ಅದೇ ವರ್ಷ 4 ಗಿಗಾಹರ್ಟ್ಸ್ ಪೆಂಟಿಯಂ 4 ಕೂಡ ರದ್ದಾಯ್ತು. 2006ರ ಜುಲೈನಲ್ಲಿ ಬಂದ ಕೋರ್ 2 ಡುಯೋ 65 ವ್ಯಾಟಿಗೆ ಇಳಿದು, ಅದಕ್ಕಿಂತ ಹೆಚ್ಚು ಕೆಲಸ ಮಾಡಿತು. ತಂಪಾದ ಕೋಣೆಯವರಿಗೆ ಅದು ವೇಗದ ಸುದ್ದಿ. ನಮಗೆ ಮಧ್ಯಾಹ್ನವೂ ಕೆಲಸ ಮಾಡಬಹುದು ಅನ್ನೋ ಸುದ್ದಿ.

ಈಗ ಮತ್ತೆ ಏರುಗಾಲ. ಕೋರ್ ಐ9-13900ಕೆ 253 ವ್ಯಾಟಿನವರೆಗೆ ಎಳೆಯುತ್ತೆ. 2022ರ ರೈಜನ್ 7000 ಸರಣಿಯನ್ನ ಪೂರ್ತಿ ಕೆಲಸದಲ್ಲಿ 95 ಡಿಗ್ರಿ ತನಕ ಓಡೋ ಹಾಗೆ ಎಎಂಡಿಯೇ ರೂಪಿಸಿದೆ. ಇವುಗಳಲ್ಲಿ ಇಬ್ಬರ ಡಿಗ್ರಿ ಹೋಲಿಸಿದರೂ ಏನೂ ಗೊತ್ತಾಗದೆ ಹೋಗಬಹುದು. ಎರಡೂ 95 ತೋರಿಸ್ತಿರುತ್ತವೆ, ಬಿಸಿ ಕೋಣೆಯದ್ದು ಮಾತ್ರ ಕಡಿಮೆ ವೇಗದಲ್ಲಿ ಓಡ್ತಿರುತ್ತೆ. ಹಾಗಾಗಿ ಹೋಲಿಸೋದಾದರೆ ನಾಲ್ಕು ಅಂಕಿ ಬೇಕು: ಕೋಣೆಯ ಡಿಗ್ರಿ, ಪ್ರೊಸೆಸರಿನ ಡಿಗ್ರಿ, ಎಳೆದ ವ್ಯಾಟ್, ಓಡಿದ ಗಿಗಾಹರ್ಟ್ಸ್.

ಖರ್ಚಿನ ಮಾತೂ ಇದೆ. ದುಬಾರಿ ಲಿಕ್ವಿಡ್ ಕೂಲರ್ ಹಾಕಿದರೂ ಅದು ಬಿಸಿಯನ್ನ ಬಿಡೋದು ಅದೇ 41 ಡಿಗ್ರಿಯ ಗಾಳಿಗೇ. ಅದರ ಬದಲು ಕೆಳಗಿನ ಮನೆಯ ದಪ್ಪ ಗೋಡೆಯ ಕೋಣೆಗೆ ಕಂಪ್ಯೂಟರ್ ಇಳಿಸಿದರೆ ಸಿಗೋ ಡಿಗ್ರಿಗಳು ಪುಕ್ಕಟೆ. ನಮ್ಮ ಒಣ ಬೇಸಿಗೆಯಲ್ಲಿ ನೀರಿನ ಏರ್ ಕೂಲರ್ ಕೋಣೆಯನ್ನೇ ತಣ್ಣಗೆ ಮಾಡುತ್ತೆ, ಹರವಿಯ ನೀರು ತಣ್ಣಗಾಗೋ ಲೆಕ್ಕವೇ ಅದು. ಅದರ ಹಸಿ ಗಾಳಿಯನ್ನ ನೇರ ಕ್ಯಾಬಿನೆಟ್ಟಿನ ಮೇಲೆ ಬಿಡಬೇಡಿ, ಅಷ್ಟೇ. ಬಿಸಿಲು ಹೆಚ್ಚಿದ ವಾರಗಳಲ್ಲಿ ಬಯೋಸ್‌ನಲ್ಲಿ ವ್ಯಾಟಿನ ಮಿತಿ ಸ್ವಲ್ಪ ಇಳಿಸಿ. ಕಳೆದುಕೊಳ್ಳೋ ವೇಗ ಕೊಂಚ, ಇಳಿಯೋ ಬಿಸಿ ಬಹಳ.

ಊರಲ್ಲಿ ತಮ್ಮನಿಗೋ ತಂಗಿಗೋ ಕಂಪ್ಯೂಟರ್ ಜೋಡಿಸಿ ಕೊಡುವವರು ನಮ್ಮಲ್ಲಿ ಬಹಳ ಮಂದಿ ಇದ್ದೇವೆ. ಭಾಗಗಳ ಪಟ್ಟಿ ಮಾಡುವಾಗ ಮೊದಲ ಸಾಲಿನಲ್ಲಿ, ಪ್ರೊಸೆಸರಿಗಿಂತಲೂ ಮೇಲೆ, ಆ ಕೋಣೆಯ ಮೇ ತಿಂಗಳ ಮಧ್ಯಾಹ್ನದ ಡಿಗ್ರಿ ಬರೆದುಕೊಳ್ಳಿ. ಐವತ್ತು ಡಿಗ್ರಿ ತನಕ ಅಳೆಯೋ ಥರ್ಮಾಮೀಟರ್ ಒಂದು ಇದ್ದರೆ ಸಾಕು.