ವಿಜಯಪುರದ ಹಬಶಿಗಳು

ಆದಿಲ್‌ಶಾಹಿ ಆಳ್ವಿಕೆಯಲ್ಲಿ (1490–1686) ಆಡಳಿತ, ಸೈನ್ಯ ಮತ್ತು ವಾಸ್ತುಕಲೆಯಲ್ಲಿ ಹೆಸರು ಮಾಡಿದ ಆಫ್ರಿಕಾ ಮೂಲದ ಜನ. ಇವರನ್ನು ಸಿದ್ದಿಗಳೆಂದೂ ಕರೆಯುತ್ತಾರೆ. 

ಹಲವರು ಗುಲಾಮರಾಗಿ ಮಾರಾಟವಾಗಿ ದಖ್ಖನಿಗೆ ಬಂದವರು. ಊರು, ಬಂಧುಬಳಗ ಕಳೆದುಕೊಂಡ ಇವರಿಗೆ ಮೊದಲೇ ನೆಲೆಯೂರಿದ್ದ ಹಬಶಿ ಸರದಾರರೇ ಆಸರೆ, ಅವರೇ ಗುರುಗಳು. ಇಥಿಯೋಪಿಯಾದಲ್ಲಿ ಹುಟ್ಟಿದ ಮಲಿಕ್ ಅಂಬರ್ (ಸು. 1548–1626) ರಾಜ್ಯಾಡಳಿತ ಕಲಿತದ್ದು ಅಹಮದ್‌ನಗರದ ಪೇಶ್ವೆ ಚಂಗೀಜ್ ಖಾನನ ಬಳಿ. ಚಂಗೀಜ್ ಖಾನನೂ ಹಬಶಿಯೇ. ಒಡೆಯನ ಮರಣಾನಂತರ ಅಂಬರ್ ಕೆಲಕಾಲ ವಿಜಯಪುರದ ಸೇವೆಯಲ್ಲಿದ್ದ. ಮುಂದೆ ಅಹಮದ್‌ನಗರಕ್ಕೆ ಮರಳಿ ಮೊಗಲರನ್ನು ವರ್ಷಗಟ್ಟಲೆ ತಡೆದ.

ವಿಜಯಪುರದಲ್ಲಿ ಹಬಶಿ ಸರದಾರ ದಿಲಾವರ್ ಖಾನ್ 1580ರ ದಶಕದಲ್ಲಿ ಬಾಲಕ ಸುಲ್ತಾನ ಎರಡನೇ ಇಬ್ರಾಹಿಂನ ಪರವಾಗಿ ರಾಜ್ಯವಾಳಿದ. ಮಹಮ್ಮದ್ ಆದಿಲ್ ಶಾಹನ ಮಂತ್ರಿ ಇಖ್ಲಾಸ್ ಖಾನನನ್ನು ಸುಲ್ತಾನನೊಂದಿಗೆ ಆನೆಯ ಮೇಲೆ ಚಿತ್ರಿಸಿದ ಕಿರುಚಿತ್ರ ಇಂದಿಗೂ ಉಳಿದಿದೆ. 1660ರಲ್ಲಿ ಪನ್ಹಾಳ ಕೋಟೆಯನ್ನು ಮುತ್ತಿದ ಸಿದ್ದಿ ಜೌಹರನ ಅಳಿಯ ಸಿದ್ದಿ ಮಸೂದ್ ಮುಂದೆ ರಾಜ್ಯದ ಮುಖ್ಯಾಡಳಿತಗಾರನಾದ.

ಎರಡನೇ ಇಬ್ರಾಹಿಂನ ಸಮಾಧಿಯಾದ ಇಬ್ರಾಹಿಂ ರೋಜಾದ ನಿರ್ಮಾತೃ ಮಲಿಕ್ ಸಂದಲನನ್ನೂ ಹಬಶಿಯೆಂದೇ ಹೇಳಲಾಗುತ್ತದೆ. ಅಲ್ಲಿನ ಕಿಟಕಿಗಳ ಜಾಲಂಧ್ರಗಳೇ ಅರಬ್ಬೀ ಅಕ್ಷರಗಳು: ಕಲ್ಲನ್ನು ಆರಪಾರ ಕೊರೆದು ಬರೆದ ಸಾಲುಗಳ ನಡುವಿನಿಂದ ಬೆಳಕು ಒಳಬರುತ್ತದೆ.

ಇಂದು ಕರ್ನಾಟಕದ ಸಿದ್ದಿಗಳು ಹೆಚ್ಚಾಗಿ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ ಭಾಗಗಳಲ್ಲಿದ್ದಾರೆ. 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಕನ್ನಡ ನಾಡಿನ ಚರಿತ್ರೆಯಲ್ಲಿ ಈ ಜನರ ಪಾಲು ದೊಡ್ಡದು. ಶಾಲೆಯ ಪಾಠಗಳಲ್ಲಿಯೂ ಅದಕ್ಕೆ ತಕ್ಕ ಸ್ಥಾನ ಸಲ್ಲಬೇಕು.